ಕೇಳದೆ ಹಾಕಿದ ನಳಿಕೆ

ಮಕ್ಕಳ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಎಳೆಗೂಸಿನ ನರ ಹುಡುಕಿ ಸೂಜಿ ಹಾಕುವುದರಲ್ಲಿ ಅವಳದು ಎತ್ತಿದ ಕೈ.

ಒಂದು ಮಧ್ಯಾಹ್ನ ಕಾಲು ಮುರಿದ ಒಂಬತ್ತು ವರ್ಷದ ಹುಡುಗಿಯನ್ನು ಅವಳ ಅಜ್ಜಿ ಕರೆತಂದಳು. ತಾಯಿ ದೂರದೂರಿನ ಹೊಲಿಗೆ ಕಾರ್ಖಾನೆಯಲ್ಲಿದ್ದಳು. ಆಪರೇಷನ್ನಿಗೆ ಮುಂಚೆ ಮೂತ್ರದ ನಳಿಕೆ ಹಾಕಬೇಕಿತ್ತು. ಮದ್ದಿನ ಮಂಪರಿನಲ್ಲಿ ಹುಡುಗಿ ತೊದಲಿದಳು: "ಅಕ್ಕಾ, ನನ್ ಬಟನ್... ಬಟನ್ನು..."

"ಬಟನ್ ಆಮೇಲೆ ಹಾಕೋಣ ಪುಟ್ಟಿ, ಫ್ರಾಕ್ ಎಲ್ಲೂ ಓಡಿಹೋಗಲ್ಲ," ಎಂದು ದೊಡ್ಡಕ್ಕ ನಗಿಸಲು ನೋಡಿದಳು. ನಳಿಕೆ ಬಿಗಿಯಾಗಿ ಹೋಯಿತು. ದೊಡ್ಡಕ್ಕನ ಕೈ ಒಮ್ಮೆ ತಡೆಯಿತು. ಆದರೆ ಆಪರೇಷನ್ ಕೋಣೆಯಿಂದ ಆಗಲೇ ಎರಡು ಸಲ ಕರೆ ಬಂದಿತ್ತು.

ಮೂರನೆಯ ದಿನ ತಾಯಿ ಬಂದಳು. ಮಂಚಕ್ಕೆ ತೂಗುಬಿಟ್ಟ ಮೂತ್ರದ ಚೀಲ ಕಂಡು ಬಿಳಿಚಿಕೊಂಡಳು. "ಇದನ್ನ ಹಾಕೋ ಮುಂಚೆ ಯಂತ್ರ ನಿಲ್ಲಿಸಿದ್ರಾ?"

ಮಗುವಿಗೆ ಹುಟ್ಟಿನಿಂದಲೇ ಬೆನ್ನುಹುರಿಯ ದೋಷ; ಮೂತ್ರದ ಮೇಲೆ ಹಿಡಿತವಿರಲಿಲ್ಲ. ಎರಡು ವರ್ಷದ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ಮೂತ್ರದ ದಾರಿಯ ಸುತ್ತ ನೀರು ತುಂಬಿದ ಪಟ್ಟಿ ಕೂರಿಸಿದ್ದರು. ಚರ್ಮದಡಿಯ ಬಟನ್ ಒತ್ತಿದರೆ ಪಟ್ಟಿ ಸಡಿಲಾಗಿ, ತುಸು ಹೊತ್ತಿಗೆ ತಾನೇ ಬಿಗಿಯುತ್ತಿತ್ತು. ನಳಿಕೆ ಹಾಕುವುದಾದರೆ ಮೊದಲು ಪಟ್ಟಿಯನ್ನು ಸಡಿಲಿಸಿ ಹಾಗೇ ನಿಲ್ಲಿಸಬೇಕು. ಇಲ್ಲದಿದ್ದರೆ ಪಟ್ಟಿಗೂ ನಳಿಕೆಗೂ ನಡುವೆ ಸಿಕ್ಕ ಮಾಂಸ ಸವೆಯುತ್ತದೆ. ಸವೆದೇ ಹೋಗಿತ್ತು. ಜ್ವರ ಬಂತು, ರಕ್ತ ಬಂತು. ವಾರದೊಳಗೆ ಪಟ್ಟಿ, ಬಟನ್ ಎಲ್ಲವನ್ನೂ ಹೊರತೆಗೆದರು.

"ಅಜ್ಜಿ ಹೇಳಲಿಲ್ಲ ಅಂತ ಬರೆದರಾಯ್ತು," ಎಂದರು ವಾರ್ಡಿನ ಡಾಕ್ಟರು.

"ಮಗು ಹೇಳಿತ್ತು ಸರ್. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ." ದೊಡ್ಡಕ್ಕ ಹಾಗೆಯೇ ಬರೆದುಕೊಟ್ಟಳು.

ತಾಯಿ ಕೂಗಾಡಲಿಲ್ಲ. "ಎರಡೇ ವರ್ಷ ಸಿಸ್ಟರ್, ಅವಳು ಶಾಲೇಲಿ ಎಲ್ಲರ ಜೊತೆ ಒಂದೇ ಬೆಂಚಲ್ಲಿ ಕೂತಿದ್ದು," ಎಂದಳು.

ಆಮೇಲೆ ಅವಳು ಮೇಲಿನವರ ಬೆನ್ನುಬಿದ್ದು ದಾಖಲಾತಿ ಹಾಳೆಯಲ್ಲಿ ಒಂದು ಪ್ರಶ್ನೆ ಸೇರಿಸಿದಳು: ಮೈಯೊಳಗೆ ಯಾವುದಾದರೂ ಸಾಧನ ಇಟ್ಟಿದ್ದಾರೆಯೇ? ಅದರಿಂದ ಇಬ್ಬರು ಮಕ್ಕಳಿಗೆ ಇದೇ ಗತಿ ತಪ್ಪಿತು. ಯಾರಾದರೂ ಹೊಗಳಿದರೆ ಅವಳು ಎದ್ದು ಹೋಗುತ್ತಿದ್ದಳು.

ಆ ಹುಡುಗಿಗೆ ಇನ್ನೊಂದು ಪಟ್ಟಿ ಕೂರಿಸಲಾಗಲಿಲ್ಲ. ಗಾಯದ ಜಾಗ ಗಡುಸಾಗಿತ್ತು. ಒಂದೂವರೆ ವರ್ಷದ ಮೇಲೆ ಇದೇ ಆಸ್ಪತ್ರೆಯಲ್ಲಿ ಹೊಟ್ಟೆಯ ಮೇಲಿಂದ ಮೂತ್ರಕೋಶಕ್ಕೆ ಸಣ್ಣ ದಾರಿ ಮಾಡಿದರು. ನಾಲ್ಕು ತಾಸಿಗೊಮ್ಮೆ ಅಲ್ಲಿ ನಳಿಕೆ ತೂರಿಸಿ ಮೂತ್ರ ತೆಗೆಯುವುದನ್ನು ಅವಳೇ ಕಲಿಯಬೇಕಿತ್ತು. ಕಲಿಸಲು ದೊಡ್ಡಕ್ಕ ಕೈ ತೊಳೆದು ಹೋದಳು. ತಾಯಿ ಬಾಗಿಲಲ್ಲೇ ತಡೆದಳು.

"ನನಗೀಗ ಸಿಟ್ಟಿಲ್ಲ ಸಿಸ್ಟರ್. ಆದ್ರೆ ನಿಮ್ಮನ್ನ ಕಂಡ್ರೆ ಅವಳು ನಡುಗ್ತಾಳೆ. ಬೇರೆಯವರು ಕಲಿಸಲಿ."

ದೊಡ್ಡಕ್ಕ ಕಿರಿಯ ನರ್ಸೊಬ್ಬಳನ್ನು ಒಳಗೆ ಕಳಿಸಿ, ಆಚೆ ಮಂಚಗಳ ಹೊದಿಕೆ ಬದಲಿಸಲು ನಡೆದಳು.