ರಾಣಿಗೆ ಕೇಳಿಸಬಾರದ ಮಾತು

ಕಳೆದ ಭಾನುವಾರ ತುಂಬಿದ ಸಭೆಯಲ್ಲಿ ನನ್ನ ಮಾನ ಹೋಯಿತು. ಅದನ್ನು ಕಳೆದವಳು ಹತ್ತು ವರ್ಷದ ನನ್ನ ಮಗಳು ಸಹನಾ.

ತಿರುವನಂತಪುರದ ನಮ್ಮ ಕನ್ನಡ ಕೂಟದಲ್ಲಿ ರಾಜ್ಯೋತ್ಸವ ಎಂದರೆ ಮಕ್ಕಳ ನಾಟಕ ಇರಲೇಬೇಕು. ಈ ಸಲ ಬರೆದವಳೂ ಆಡಿಸಿದವಳೂ ನಾನೇ. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳಂನಲ್ಲಿ ಬರುತ್ತದೆ. ಮೈಸೂರಿನಿಂದ ಬಂದು ಎರಡು ತಿಂಗಳಾಗಿರುವ ನನ್ನ ಅತ್ತೆಗೆ ಇದೇ ಕೊರಗು. "ಮೊಮ್ಮಗಳ ಹತ್ರ ಮಾತಾಡೋಕೂ ನಂಗೆ ನೀನು ಬೇಕಲ್ಲಮ್ಮ" ಎಂದರು ಒಂದು ದಿನ. ಚುರುಕ್ಕೆಂದಿತು. "ಸ್ಟೇಜ್ ಮೇಲೆ ನೋಡಿ ಅತ್ತೆ, ಅರಳು ಹುರಿದ ಹಾಗೆ ಕನ್ನಡ ಮಾತಾಡ್ತಾಳೆ" ಎಂದುಬಿಟ್ಟೆ.

ಸಹನಾ ರಾಣಿಯ ಸಖಿ. ರಿಹರ್ಸಲ್‌ನಲ್ಲಿ ಮಕ್ಕಳಿಗೆ ನಾಟಕದ ಪಾರಿಭಾಷಿಕ ಪದಗಳನ್ನೂ ಕಲಿಸಲು ಹೊರಟೆ. (ಮೇಷ್ಟರ ಮಗಳು ನಾನು, ಸುಮ್ಮನಿರಲಾದೀತೇ?) ತನಗೆ ತಾನೇ ಹೇಳಿಕೊಂಡರೆ ಸ್ವಗತ. ಪರದೆಯ ಹಿಂದಿನ ಜಾಗ ನೇಪಥ್ಯ. ನೋಡುವವರಿಗೆಲ್ಲ ಗೊತ್ತಿರುವುದು ಪಾತ್ರಕ್ಕೇ ಗೊತ್ತಿಲ್ಲದಿದ್ದರೆ ನಾಟಕೀಯ ವ್ಯಂಗ್ಯ.

"ಎಕ್ಸಾಂಪಲ್ ಪರ ಅಮ್ಮೇ" ಎಂದಳು ಸಹನಾ. ಉದಾಹರಣೆ ಹೇಳು ಅಂತ. ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ.

ಜನಾಂತಿಕ ಮಾತ್ರ ಸುಲಭವಾಯಿತು. ರಂಗದ ಮೇಲೆ ಒಬ್ಬರಿಗಷ್ಟೇ ಹೇಳುವ ಮಾತು. ಪ್ರೇಕ್ಷಕರಿಗೆ ಕೇಳಬೇಕು, ಉಳಿದ ಪಾತ್ರಗಳಿಗೆ ಕೇಳಬಾರದು. "ಕೊಚ್ಚಿಯ ಕಲೂರಿನಲ್ಲಿದ್ದಾಗ ಸೀರೆ ಅಂಗಡಿಯವರ ಎದುರೇ ಅಪ್ಪನಿಗೆ 'ಏಳಿ, ಇಲ್ಲಿ ಒಂದೂ ಚೆನ್ನಾಗಿಲ್ಲ' ಅಂತ ಕನ್ನಡದಲ್ಲಿ ಹೇಳ್ತಿದ್ದೆನಲ್ಲ? ಹಾಗೆ." ಸಹನಾಳ ಮುಖ ಅರಳಿತು. ನನ್ನ ಪಾಠ ಅಷ್ಟು ಚೆನ್ನಾಗಿ ತಲೆಗೆ ಹೋಗಿದೆ ಎಂದು ನನಗೇನು ಗೊತ್ತು?

ನಾಟಕದ ದಿನ. ಅತ್ತೆ ಮೊದಲ ಸಾಲಿನಲ್ಲಿ. ನಾನು ನೇಪಥ್ಯದಲ್ಲಿ. ರಾಣಿ ತನ್ನ ಅಡುಗೆಯನ್ನು ತಾನೇ ಹೊಗಳಿಕೊಳ್ಳುತ್ತಾಳೆ. ಸಖಿ ಇನ್ನೊಬ್ಬ ಸಖಿಗೆ ಜನಾಂತಿಕದಲ್ಲಿ "ಪಾಯಸಕ್ಕೆ ಉಪ್ಪು ಹಾಕಿದ್ದಾರೆ ಕಣೇ" ಅನ್ನಬೇಕು. ಸಹನಾ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿಯೇಬಿಟ್ಟಳು: "ಪಾಯಸತ್ತಿಲ್ ಉಪ್ಪಾಣು ಇಟ್ಟದ್!"

ಅಲ್ಲಿಯವರೆಗೆ ಮರ್ಯಾದೆಗೆ ಕೂತಿದ್ದ ಮಲಯಾಳಿ ಅತಿಥಿಗಳು ಬಿದ್ದು ಬಿದ್ದು ನಕ್ಕರು. ಅತ್ತೆಯೂ ನಕ್ಕರು. (ಎಲ್ಲರೂ ನಕ್ಕರಲ್ಲ, ಅದಕ್ಕೆ ಎಂದುಕೊಂಡೆ.)

ಪರದೆ ಬಿದ್ದ ಮೇಲೆ ಮಗಳನ್ನು ಹಿಡಿದು ಕೇಳಿದೆ. ಮಲಯಾಳಂನಲ್ಲೇ ಸಮಜಾಯಿಷಿ ಬಂತು: ಕನ್ನಡದಲ್ಲಿ ಹೇಳಿದರೆ ರಾಣಿಗೆ ಅರ್ಥವಾಗಿಬಿಡುತ್ತದಲ್ಲ? ಅವಳು ಕನ್ನಡದ ರಾಣಿ!

ಪಾಠ ಮಾಡಿದವಳು ನಾನೇ.

ಆಟೋದಲ್ಲಿ ಮನೆಗೆ ಹೊರಟೆವು, ಅತ್ತೆಗೂ ನನಗೂ ನಡುವೆ ಸಹನಾ. ಬೈಗುಳಕ್ಕೆ ತಯಾರಾಗಿದ್ದೆ. ಅತ್ತೆ ಮೊಮ್ಮಗಳ ಗಲ್ಲ ಹಿಂಡಿ, "ಉಪ್ಪಿನ ಮಾತು ಎಷ್ಟು ಚೆನ್ನಾಗಿ ಹೇಳ್ದೆ ಪುಟ್ಟಿ" ಎಂದರು.

"ನಿಮಗೆ ಅರ್ಥ ಆಯ್ತಾ ಅತ್ತೆ?"

"ಪುಟ್ಟಿ ಮಾತು ತಿಳೀಲಿ ಅಂತಾನೇ ತಾನೆ ದಿನಾ ಪಕ್ಕದ ಮನೆ ಚೇಚಿ ಜೊತೆ ಕೂತು ಮಲಯಾಳಂ ಸೀರಿಯಲ್ ನೋಡ್ತಿದ್ದಿದ್ದು? ನನ್ನ ಸಾರಿಗೆ ಬೆಲ್ಲ ಜಾಸ್ತಿ ಅಂತ ನೀನು ನನ್ನೆದುರಿಗೇ ಆ ಚೇಚಿಗೆ ಹೇಳ್ತೀಯಲ್ಲ, ಅದೂ ಅರ್ಥ ಆಗುತ್ತಮ್ಮ."

ಅತ್ತೆ ನಗುತ್ತಲೇ ಇದ್ದರು. ನಾನು ರಸ್ತೆ ನೋಡತೊಡಗಿದೆ. ಸಹನಾ ಅಜ್ಜಿಯ ಮುಖ, ನನ್ನ ಮುಖ ಎರಡನ್ನೂ ನೋಡಿ ಕೇಳಿದಳು, "ಅಮ್ಮ, ನಾಟಕೀಯ ವ್ಯಂಗ್ಯ ಅಂದ್ರೆ ಇದೇ ಅಲ್ವಾ?"

ಅಚ್ಚ ಕನ್ನಡದಲ್ಲಿ! ನೀವೇ ಹೇಳಿ, ಮಗಳನ್ನು ಮುದ್ದಾಡಲೋ, ಆಟೋ ನಿಲ್ಲಿಸಿ ಇಳಿದುಬಿಡಲೋ?