ತಪ್ಪು ಮೈದಾನದ ಹತ್ತೊಂಬತ್ತು ವರ್ಷ

ತನ್ನ ತಪ್ಪನ್ನು ಕಣ್ಣಾರೆ ನೋಡುವುದಕ್ಕೆ ಒಬ್ಬ ಮನುಷ್ಯ ಇನ್ನೂರೈವತ್ತು ಮೈಲಿ ಡ್ರೈವ್ ಮಾಡಬೇಕಾಗಿ ಬಂದರೆ ಅವನಿಗೆ ಸಿಟ್ಟು ಬರುವುದು ಸಹಜ. ನನಗೆ ಬಂದಿದೆ. ಇದನ್ನು ಆ ಸಿಟ್ಟು ಇಳಿಯುವ ಮೊದಲೇ ಬರೆಯುತ್ತಿದ್ದೇನೆ. ಅಲ್ಲಲ್ಲಿ ಖಾರ ಹೆಚ್ಚಾಯಿತೆನಿಸಿದರೆ ಒಂದು ಲೋಟ ಮಜ್ಜಿಗೆ ಕುಡಿದು ಮುಂದೆ ಓದಿ.

ವಿಷಯ ಒಂದು ಬೇಸ್‌ಬಾಲ್ ಸಿನಿಮಾದ್ದು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಫೋನ್ ತೆಗೆದು ಹುಡುಕುತ್ತೀರಿ, ನೀವೂ ನನ್ನನ್ನು ತಿದ್ದುತ್ತೀರಿ. ತಿದ್ದಿಸಿಕೊಂಡದ್ದು ಸಾಕಾಗಿದೆ. ಕಥೆ ಇಷ್ಟು: ಶಿಕಾಗೋದ ಕಾರ್ಖಾನೆಯೊಂದರ ತಂಡ, ಅದರಲ್ಲಿ ಬೆಂಚಿನ ಮೇಲೆ ಕೂತು ಕೂತೇ ವಯಸ್ಸಾದ ಒಬ್ಬ ಆಟಗಾರ. ಕೊನೆಯಲ್ಲಿ ಅವನಿಗೂ ಒಂದು ಅವಕಾಶ ಸಿಗುತ್ತದೆ. ಚೆಂಡು ಹೊಡೆದವನೇ ಮೈದಾನದ ನಾಲ್ಕು ಮೂಲೆಗಳಲ್ಲಿರುವ ಬೇಸ್‌ಗಳನ್ನು ಒಂದೊಂದಾಗಿ ಮುಟ್ಟುತ್ತಾ ಓಡಿ, ಹೊರಟಲ್ಲಿಗೇ ಬಂದು ತಲುಪುತ್ತಾನೆ. ಅಷ್ಟೇ. ಅಷ್ಟಕ್ಕೆ ನಾನು ಪ್ರತಿಸಲವೂ ಅಳುತ್ತೇನೆ. ನನ್ನ ಹೆಂಡತಿ "ಶುರುವಾಯ್ತಾ ಮತ್ತೆ?" ಎಂದು ಎದ್ದು ಹೋಗುತ್ತಾಳೆ.

ಈ ಹುಚ್ಚಿನಲ್ಲಿ ನನಗೆ ಜೊತೆ ಧಾರವಾಡದ ನನ್ನ ಸೋದರಮಾವ ಶಂಕ್ರಪ್ಪ ಮಾಮಾ. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿ ನಿವೃತ್ತರಾದವರು. ನಾನು ರಜೆಗೆ ಹೋದಾಗ ಒಯ್ದ ಡಿವಿಡಿಯಲ್ಲಿ ಈ ಸಿನಿಮಾ ನೋಡಿದರು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ, ಬೇಸ್‌ಬಾಲ್ ಅಂತೂ ಸೊನ್ನೆ. ಆದರೆ ಅವಕಾಶ ಸಿಗದೆ ಬೆಂಚಿನ ಮೇಲೆ ಕೂತವರ ಮುಖಗಳನ್ನು ಮೂವತ್ತು ವರ್ಷ ನೋಡಿದವರಿಗೆ ಭಾಷೆ ಯಾತಕ್ಕೆ? ಮುಗಿದ ಮೇಲೆ "ಇನ್ನೊಮ್ಮೆ ಹಚ್ಚೋ" ಅಂದರು.

ಶಿಕಾಗೋ ವಿಮಾನ ನಿಲ್ದಾಣದ ಪಕ್ಕದ ಡೆಸ್ ಪ್ಲೇನ್ಸ್‌ಗೆ ಮನೆ ಬದಲಾಯಿಸಿದ ವರ್ಷ ಆ ಸಿನಿಮಾದ ಮೈದಾನವನ್ನು ನಾನು ಕಂಡುಹಿಡಿದೆ. ಯಾರೂ ಹೇಳಿಕೊಟ್ಟದ್ದಲ್ಲ, ಸ್ವಂತ ಸಂಶೋಧನೆ. ಸಿನಿಮಾದಲ್ಲಿ ಬೇಲಿಯಾಚೆ ಒಂದು ನೀರಿನ ಟ್ಯಾಂಕು, ಇಲ್ಲಿಯೂ ಟ್ಯಾಂಕು. ಅಲ್ಲಿ ತಲೆಯ ಮೇಲೆ ವಿಮಾನ. ಇಲ್ಲಿ ಎರಡು ನಿಮಿಷಕ್ಕೊಂದು. ನಾನು ಎಂಜಿನಿಯರು, ಎರಡು ಬಿಂದು ಸಿಕ್ಕಿದರೆ ಗೆರೆ ಎಳೆದುಬಿಡುವ ಜಾತಿ. ಈ ಸೀಮೆಯಲ್ಲಿ ಊರೂರಿಗೂ ಒಂದು ನೀರಿನ ಟ್ಯಾಂಕು ಇರುತ್ತದೆ ಎನ್ನುವುದು ಆಗ ಹೊಳೆಯಲಿಲ್ಲ.

ಅಲ್ಲಿಂದ ಹತ್ತೊಂಬತ್ತು ವರ್ಷ, ಊರಿನಿಂದ ಬಂದ ಯಾರನ್ನೂ ನಾನು ಬಿಡಲಿಲ್ಲ. ದೇವಸ್ಥಾನ, ಸರೋವರ, ಎತ್ತರದ ಕಟ್ಟಡ, ಆಮೇಲೆ ನನ್ನ ಮೈದಾನ. ಹತ್ತಿರದ ಸ್ಕೋಕಿ ಊರಿನ ಸ್ನೇಹಿತರು ತಮ್ಮ ಮನೆಗೆ ಬಂದ ಅತ್ತೆ ಮಾವಂದಿರನ್ನೂ ನನ್ನ ಕಾರಿಗೇ ಹತ್ತಿಸುತ್ತಿದ್ದರು. ನಾನು ಹೇಳುವ ಕಥೆ ವರ್ಷದಿಂದ ವರ್ಷಕ್ಕೆ ಮೈ ತುಂಬಿಕೊಂಡಿತು. ನಿರ್ದೇಶಕ ಕೂತು ಕಾಫಿ ಕುಡಿದ ಬೆಂಚು ಇದೇ ಎಂದು ಒಂದು ಬೆಂಚನ್ನೂ ಗೊತ್ತುಮಾಡಿದ್ದೆ. ನನ್ನೊಬ್ಬನನ್ನೇ ಬೈಯಬೇಡಿ, ಇದು ನಮ್ಮ ನಾಡಿನ ಅಭ್ಯಾಸ. ನಮ್ಮಲ್ಲಿ ದೇವರ ಪಾದ ಮೂಡದ ಬಂಡೆ ಎಲ್ಲಿದೆ? ವನವಾಸಕ್ಕೆ ಹೊರಟವರು ತಂಗದ ಗವಿ ಎಲ್ಲಿದೆ? ಅಷ್ಟೊಂದು ಗವಿಗಳಲ್ಲಿ ಅವರು ಯಾವಾಗ ಮಲಗಿದರು, ಯಾವಾಗ ನಡೆದರು ಎಂದು ಲೆಕ್ಕ ಕೇಳಿದ ಭಕ್ತರನ್ನು ನಾನಂತೂ ಕಂಡಿಲ್ಲ.

ಏಳು ವರ್ಷದ ಹಿಂದೆ ಮಾಮಾ ಬಂದರು. ಎಪ್ಪತ್ತೊಂದು ವಯಸ್ಸು, ಅಕ್ಟೋಬರಿನ ನಲವತ್ತೈದು ಡಿಗ್ರಿ (ನಮ್ಮೂರಿನ ಲೆಕ್ಕದಲ್ಲಿ ಏಳು) ಚಳಿ, ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ನಾನು ಬೆಂಚಿನ ಕಥೆ ತೆಗೆಯುವಷ್ಟರಲ್ಲಿ ಅವರು ಓಡತೊಡಗಿದ್ದರು. ನಾಲ್ಕೂ ಬೇಸ್ ಮುಟ್ಟಿ, ಕೊನೆಯದರ ಮೇಲೆ ಎರಡೂ ಕಾಲಿಟ್ಟು ನಿಂತು, ಕ್ಯಾಪ್ ತೆಗೆದು ಅದರಿಂದಲೇ ಕಣ್ಣೊರೆಸಿಕೊಂಡರು. ನನ್ನ ಹೆಂಡತಿ ಫೋನಿನಲ್ಲಿ ಹಿಡಿದ ಆ ಓಟವನ್ನು ಅವರ ವಾಕಿಂಗ್ ಗೆಳೆಯರಲ್ಲಿ ನೋಡದವರಿಲ್ಲ. ಈಗ ಮಾಮಾನ ಮಂಡಿ ಕೈಕೊಟ್ಟಿದೆ. ಕೋಲು ಹಿಡಿದು ಓಣಿಯ ತುದಿ ಮುಟ್ಟಿದರೆ ಹೆಚ್ಚು. ವಿಮಾನ ಹತ್ತುವ ಮಾತೇ ಇಲ್ಲ.

ಹೋದ ತಿಂಗಳು ಮಿಶಿಗನ್ ರಾಜ್ಯದ ಆನ್ ಆರ್ಬರಿನಲ್ಲಿ ಓದುತ್ತಿರುವ ಮಗಳು ಅನಘಾ ಫೋನ್ ಮಾಡಿದಳು. "ಅಪ್ಪಾ, ಡೋಂಟ್ ಗೆಟ್ ಮ್ಯಾಡ್. ನಿನ್ನ ಮೂವಿ ಇದೆಯಲ್ಲ, ಇಟ್ ವಾಸ್ ಶಾಟ್ ಹಿಯರ್. ಟ್ವೆಂಟಿ ಮಿನಿಟ್ಸ್ ಫ್ರಮ್ ಮೈ ಅಪಾರ್ಟ್‌ಮೆಂಟ್."

ಸಿಟ್ಟು ಮಾಡಿಕೊಳ್ಳಬೇಡ ಎಂದರೆ ಬರುವ ಸಿಟ್ಟಿಗೆ ಸಮ ಇನ್ನೊಂದಿಲ್ಲ. ಶಿಕಾಗೋದ ಕಥೆಯನ್ನು ಶಿಕಾಗೋದಲ್ಲೇ ತೆಗೆಯುವುದಕ್ಕೆ ಇವರಿಗೇನು ಧಾಡಿ? ನಾನು ವಾದಿಸಿದೆ, ಟ್ಯಾಂಕಿನ ಸಾಕ್ಷಿ ಕೊಟ್ಟೆ. ಅವಳು ಅಲ್ಲಿಗೇ ಹೋಗಿ, ಸಿನಿಮಾ ತೆಗೆದದ್ದು ಇಲ್ಲೇ ಎಂದು ನೆಟ್ಟಿರುವ ಬೋರ್ಡಿನ ಫೋಟೋ ಕಳಿಸಿದಳು. ಬೋರ್ಡಿನ ಜೊತೆ ಎಷ್ಟು ಹೊತ್ತು ಜಗಳವಾಡುವುದು?

ಶನಿವಾರ ಬೆಳಗಿನ ಜಾವ ನಾಲ್ಕಕ್ಕೇ ಹೊರಟೆ. ಹೆಂಡತಿ ಚಪಾತಿ ಪಲ್ಯ ಕಟ್ಟಿಕೊಟ್ಟಳು, ಜೊತೆಗೆ ಬರಲು ಒಪ್ಪಲಿಲ್ಲ. ದಾರಿಯುದ್ದಕ್ಕೂ ರಸ್ತೆ ರಿಪೇರಿ. ಮೂರು ಲೇನಿನ ಜನ ಒಂದೇ ಲೇನಿನಲ್ಲಿ ತೆವಳಬೇಕು. ಮಿಶಿಗನ್ನಿನೊಳಗೆ ಕಾಲಿಟ್ಟದ್ದಕ್ಕೆ, ಅಲ್ಲಿನ ಸಮಯ ಮುಂದಿದೆಯೆಂದು, ಗಡಿಯಾರದಿಂದ ಒಂದು ಗಂಟೆ ಕಿತ್ತುಕೊಂಡರು. ಅನಘಾಳನ್ನು ಹತ್ತಿಸಿಕೊಂಡು ಹೋಗಿ ನೋಡಿದರೆ, ಒಂದು ಹಾರ್ಡ್‌ವೇರ್ ಅಂಗಡಿಯ ಹಿತ್ತಲಲ್ಲಿ ಒಂದು ಮೈದಾನ. ವಿಮಾನವಿಲ್ಲ, ಟ್ಯಾಂಕೂ ಇಲ್ಲ. ಒಬ್ಬ ಮುದುಕ ಮಧ್ಯಾಹ್ನದ ಆಟಕ್ಕಾಗಿ ಸುಣ್ಣದ ಗೆರೆ ಎಳೆಯುತ್ತಿದ್ದ. ಟ್ಯಾಂಕು ಎಲ್ಲಿ ಹೋಯಿತು ಎಂದು ಕೇಳಿದೆ.

"ಓ, ದಟ್ ಥಿಂಗ್? ಪ್ಲೈವುಡ್!" ಎಂದು ಅವನು ನಕ್ಕ. ಶೂಟಿಂಗ್ ಮುಗಿದ ದಿನವೇ ಬಿಚ್ಚಿಕೊಂಡು ಹೋದರಂತೆ.

ನಿಜವಾದ ಜಾಗದಲ್ಲಿ ನಿಂತಿದ್ದೆ, ಏನೂ ಅನ್ನಿಸಲಿಲ್ಲ. ಅನ್ನಿಸಿದ್ದೆಲ್ಲ ಮಾಮಾನ ಬಗ್ಗೆ. ಹೇಳಿದರೆ, ಇನ್ನೆಂದೂ ಓಡಲಾಗದವರಿಂದ ಅವರು ಓಡಿದ ಒಂದೇ ಓಟವನ್ನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ, ನಾಳೆ ಯಾರೋ ವಾಕಿಂಗ್ ಗೆಳೆಯ ಹುಡುಕಿ ತೆಗೆದು ನಾಲ್ಕು ಜನರ ಎದುರಿಗೆ ನಗುತ್ತಾನೆ. ನನ್ನ ಬಾಯಿಂದಲೇ ಕೇಳಲಿ ಎಂದುಕೊಂಡೆ. ಧಾರವಾಡದಲ್ಲಿ ಆಗ ರಾತ್ರಿ ಎಂಟೂವರೆ. ವಿಡಿಯೊ ಕಾಲ್ ಮಾಡಿದೆ.

"ಮಾಮಾ, ಒಂದು ತಪ್ಪಾಗೇತಿ. ಅವತ್ತ ನಿಮಗ ತೋರಿಸಿದ್ದು ಖರೇ ಜಾಗಾ ಅಲ್ಲ. ಸಿನಿಮಾ ತಗದದ್ದು ಇಲ್ಲೆ, ನೋಡ್ರಿ." ಫೋನನ್ನು ಸುತ್ತಲೂ ತಿರುಗಿಸಿದೆ.

ಮಾಮಾನ ಹಿಂದೆ ಕುಕ್ಕರ್ ಎರಡು ಸಲ ಕೂಗಿತು.

"ಅಲ್ಲೆ ನೀ ಓಡಿದೇನು?" ಎಂದರು.

"ಇಲ್ಲ ಮಾಮಾ."

"ಮತ್ತ ನಿಮ್ಮ ಮನಿ ಹತ್ರದ್ದರಾಗ?"

"ಅಲ್ಲೂ ಇಲ್ಲ."

"ಹತ್ತೊಂಬತ್ತು ವರ್ಷ ಮಂದಿಗೆ ತೋರಿಸ್ಕೋತ ನಿಂತೀ, ಒಮ್ಮೆನೂ ಓಡಿಲ್ಲ? ಹಂಗಾದ್ರ ಜಾಗಾ ಖರೇ ಇದ್ರೇನು, ಖೊಟ್ಟಿ ಇದ್ರೇನು ನಿನಗ? ನಾ ಅಂತೂ ಓಡೀನಪಾ. ಫೋನ್ ಅನಘಾನ ಕೈಯಾಗ ಕೊಡು. ಓಡು."

ನನಗೆ ಐವತ್ತೆಂಟು. ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದಿರುತ್ತದೆ. ಮುದುಕ "ಸ್ಟೇ ಆಫ್ ಮೈ ಲೈನ್ಸ್!" ಎಂದು ಕೂಗುತ್ತಿದ್ದಾನೆ, ಮಗಳು ಬಿದ್ದು ಬಿದ್ದು ನಗುತ್ತಿದ್ದಾಳೆ, ಫೋನಿನೊಳಗಿಂದ ಮಾಮಾ "ಮಂಡಿ ಎತ್ತೋ, ಮಂಡಿ!" ಎಂದು ಗದರುತ್ತಿದ್ದಾರೆ. ಮೂರನೆಯ ಬೇಸ್ ದಾಟುವ ಹೊತ್ತಿಗೆ ಕಣ್ಣು ಮಂಜಾಗಿತ್ತು. ಬೆವರೋ ಇನ್ನೇನೋ ನೋಡಲು ಪುರುಸೊತ್ತಿರಲಿಲ್ಲ. ಹೊರಟಲ್ಲಿಗೆ ಬಂದು ಬಗ್ಗಿ ನಿಂತು ಏದುಸಿರು ಬಿಡುತ್ತಾ, ಒಂದು ಶಹಭಾಸ್‌ಗಾಗಿ ಫೋನಿನ ಕಡೆ ನೋಡಿದೆ.

"ಎರಡನೇದು ಮುಟ್ಟಲಿಲ್ಲ ನೀ," ಎಂದರು ಮಾಮಾ. "ಮತ್ತ ಓಡು."

ಬೈದುಕೊಳ್ಳುತ್ತಾ ಮೊದಲನೆಯ ಬೇಸಿನ ಕಡೆ ಹೊರಟೆ.