ಝೀಟಾ ಬಾಯಮ್ಮನ ಸಂಶಯ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತನ್ನು ಕಾಪುವಿನ ಝೀಟಾಳಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನಂತೂ ಕಾಣೆ. ಕಿವಿರು ಬಿಡಿಸಿ ನೋಡದೆ ಒಂದು ಬಂಗುಡೆ ಕೊಂಡವಳಲ್ಲ. ಗ್ಯಾಸ್ ಆಫ್ ಮಾಡಿದ್ದೇನೆ ಎಂದು ಗಂಡ ಲಿಯೋನೆಲ್ ಆಣೆ ಹಾಕಿದರೂ ಎದ್ದು ಹೋಗಿ ನೋಡುವವಳೇ. ಇಂಥವಳಿಗೆ ಮಣಿಪಾಲದ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಸಿಕ್ಕಿದ ಕೆಲಸವೂ ಸಂಶಯಪಡುವುದೇ! ರೋಗಿಗೆ ಕೊಡುವ ಹತ್ತಾರು ಔಷಧಗಳಲ್ಲಿ ಯಾವುದು ಯಾವುದರ ಜೊತೆ ಸೇರಿದರೆ ಕೇಡು ಎಂದು ಹುಡುಕಬೇಕು.

ಆ ವಾರ ಅವಳ ತಲೆ ತಿಂದದ್ದು ಬೆಳ್ಮಣ್ಣಿನ ಸರ್ವೋತ್ತಮ. ಹೃದಯದ ಕವಾಟ ಬದಲಾಯಿಸಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದ ಮನುಷ್ಯ, ಹೊಟ್ಟೆಯೊಳಗೆ ರಕ್ತ ಸೋರಿ ಬಂದಿದ್ದ. ಮಾತ್ರೆ ನಿಲ್ಲಿಸಿ ಮೂರು ದಿನವಾದರೂ ರಕ್ತ ಹೆಪ್ಪುಗಟ್ಟಲು ಒಲ್ಲದು.

"ಇನ್ನೊಮ್ಮೆ ಸೋರಿದರೆ ಉಳಿಸುವುದು ಕಷ್ಟ ಉಂಟು," ಎಂದರು ಡಾಕ್ಟರ್ ವಿಕಾಸ್.

ಅವನ ಔಷಧಗಳ ಪಟ್ಟಿಯಲ್ಲಿ ಕಂಪ್ಯೂಟರ್ ಹನ್ನೊಂದು ಕಡೆ ಕೆಂಪು ಗುರುತು ತೋರಿಸಿತ್ತು. ಝೀಟಾ ಒಂದೊಂದನ್ನೂ ಜಾಲಾಡಿದಳು. ನರ್ಸ್ ತಪ್ಪು ಮಾತ್ರೆ ಕೊಟ್ಟಳೇ ಎಂದು ಉಳಿದ ಮಾತ್ರೆಗಳನ್ನು ಎಣಿಸಿ ನೋಡಿದ್ದಕ್ಕೆ ಆ ಹುಡುಗಿ ಮುಖ ಊದಿಸಿಕೊಂಡಳು. ಫಲ ಮಾತ್ರ ಸೊನ್ನೆ.

ಸಂಜೆ ರೋಗಿಗಳನ್ನು ನೋಡುವ ಹೊತ್ತು. ಸರ್ವೋತ್ತಮನ ಹೆಂಡತಿ ಅಕ್ಕು ಗಂಡನ ಕಾಲ ಬಳಿ ಬಗ್ಗಿ ನಿಂತಿದ್ದಳು. ಝೀಟಾಳ ಮೂಗಿಗೆ ಘಾಟು ಬಡಿಯಿತು.

"ಎಂತ ಅಮ್ಮ, ಸೆರಗಿನಡಿ?"

"ಎಂತದೂ ಇಲ್ಲ."

"ತೋರಿಸಿ."

ಪುಟ್ಟ ಬಾಟಲಿ ಹೊರಬಂತು. ದುಬೈಯಿಂದ ಅಳಿಯ ತಂದ ನೋವಿನೆಣ್ಣೆ.

"ನೋವಿನ ಮಾತ್ರೆ ಕೊಡಲೇಬಾರದು ಅಂತ ಡಾಕ್ಟ್ರು ಹೇಳಿದ್ರಲ್ಲ ಬಾಯಮ್ಮ? ಒಂದೂ ಕೊಡಲಿಲ್ಲ. ಗಂಟುನೋವಿಗೆ ಇದನ್ನೇ ಉಜ್ಜುವುದು, ಮನೆಯಲ್ಲಿ ದಿನಕ್ಕೆ ಮೂರು ಸಲ, ಇಲ್ಲಿ ಒಳಗೆ ಬಿಟ್ಟಾಗೆಲ್ಲ."

ಝೀಟಾ ಲೇಬಲ್ ಓದಿದಳು. ರಕ್ತ ತೆಳುವಾಗಿಸುವ ಆಸ್ಪಿರಿನ್ನಿನ ದಾಯಾದಿಯೇ! ಚರ್ಮದಿಂದ ಇಳಿದು ರಕ್ತ ಸೇರುವ ಎಣ್ಣೆ. ಕಾಲಿಗೆ ಸೋಪು ಹಾಕಿ ತೊಳೆಸಿದರು. ಮೂರು ದಿನದಲ್ಲಿ ರಕ್ತ ಹದಕ್ಕೆ ಬಂತು, ಸರ್ವೋತ್ತಮ ಗಂಜಿ ಕುಡಿದ.

ಝೀಟಾ ಮಾತ್ರ ಅವನ ಕಡತವನ್ನು ಮತ್ತೆ ಬಿಡಿಸಿದಳು. ದಾಖಲಾದ ದಿನ 'ಬೇರೆ ಔಷಧ ಇಲ್ಲ' ಎಂದು ಬರೆದಿದ್ದವಳು ಅವಳೇ. ಊರನ್ನೆಲ್ಲ ಸಂಶಯಿಸಿದವಳು ತನ್ನ ಪ್ರಶ್ನೆಯನ್ನು ಸಂಶಯಿಸಿರಲಿಲ್ಲ.

"ಎಂತ ನುಂಗ್ತಾರೆ ಅಂತ ಕೇಳಿದೆ ಅಮ್ಮ, ಎಂತ ಹಚ್ತೀರಿ ಅಂತ ಕೇಳಲಿಲ್ಲ. ತಪ್ಪು ನನ್ನದು," ಎಂದಳು ಅಕ್ಕುವಿಗೆ.



"ಕಾಲು ನೋಯ್ತದೆ, ಸ್ವಲ್ಪ ಉಜ್ಜು ಮಾರಾಯ್ತಿ," ಎಂದ ಸರ್ವೋತ್ತಮ.

ಅಕ್ಕು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗೋಡೆಗೆ ಅಂಟಿ ನಿಂತಳು. ಝೀಟಾ ಆ ಕೈಗಳನ್ನು ಹಿಡಿದು ತಂದು ಅವನ ಮೊಣಕಾಲ ಮೇಲಿಟ್ಟಳು.

"ಬರೀ ಕೈಯಲ್ಲಿ ಉಜ್ಜಿ ಅಮ್ಮ. ಎಂತದೂ ಆಗುವುದಿಲ್ಲ."